ರಾಗಿ ಪೆಟ್ಟಿಗೆಯ ಮೇಲೆ ಕರೆಂಟು ಗಿಟಾರು

ನಮ್ಮ ಮನೆಗೆ ಮೂರು ಕಡೆ ಮಣ್ಣಿನ ಗೋಡೆ, ನಾಲ್ಕನೆಯ ಕಡೆ ಬಂಡೆ. ಚಿತ್ರದುರ್ಗದ ಕೋಟೆ ಬುಡದ ಓಣಿಗಳಲ್ಲಿ ಅಂಥ ಮನೆಗಳು ಬೇಕಾದಷ್ಟಿದ್ದವು. ಗುಡ್ಡದಿಂದ ಇಳಿದು ಬಂದು ಕೂತಂತಿದ್ದ ಆ ಬಂಡೆಯನ್ನು ಒಡೆಸುವುದಕ್ಕಿಂತ ಅದಕ್ಕೇ ಮಾಳಿಗೆಯ ತೊಲೆ ಆನಿಸಿದರೆ ಒಂದು ಗೋಡೆಯ ಕೆಲಸ ಉಳಿಯುತ್ತದೆ ಎಂದುಕೊಂಡಿರಬೇಕು ನಮ್ಮ ತಾತ. ಬೇಸಿಗೆಯಲ್ಲಿ ಬಂಡೆ ಹಗಲೆಲ್ಲ ಬಿಸಿಲು ಕುಡಿದು ಸಂಜೆ ಮನೆಯೊಳಕ್ಕೆ ಉಗುಳುತ್ತಿತ್ತು. ಚಳಿಗಾಲದಲ್ಲಿ ಅದಕ್ಕೆ ಬೆನ್ನು ತಾಗಿದರೆ ಮೈ ಜುಮ್ಮೆನ್ನುತ್ತಿತ್ತು. ನಡುಮನೆಯೇ ಮಗ್ಗದ ಮನೆ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ಅಪ್ಪ ಕಂಬಳಿ ನೇಯುತ್ತಿದ್ದ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಅದರಿಂದ ಇಳಿದ ಬಿಸಿಲು ಬೆಳಿಗ್ಗೆ ಅಪ್ಪನ ಹೆಗಲ ಮೇಲಿದ್ದು, ಮಧ್ಯಾಹ್ನ ನೂಲಿನ ಮೇಲೆ ಬಂದು, ಇಳಿಹೊತ್ತಿಗೆ ಗೋಡೆ ಪಕ್ಕದ ರಾಗಿ ಪೆಟ್ಟಿಗೆ ಹತ್ತುತ್ತಿತ್ತು. ನಮ್ಮಲ್ಲಿ ಗಡಿಯಾರವಿರಲಿಲ್ಲ. ಕರೆಂಟೂ ಇರಲಿಲ್ಲ. ಕರೆಂಟಿನ ಕಂಬ ಓಣಿಯ ಬಾಯಿವರೆಗೆ ಬಂದು, ಒಳಗೆ ಬರಲು ಮನಸ್ಸಾಗದ ನೆಂಟನ ಹಾಗೆ ಅಲ್ಲೇ ನಿಂತಿತ್ತು.

ಆ ಮನೆಯಲ್ಲಿ ಇದ್ದದ್ದು ನಾವು ನಾಲ್ವರು. ಅಪ್ಪ, ಅವ್ವ, ಅಪ್ಪನ ಅವ್ವ ಅಂದರೆ ನಮ್ಮಜ್ಜಿ, ಮತ್ತೆ ನಾನು. ಚಿಕ್ಕಪ್ಪ ಕುರಿ ಹೊಡೆದುಕೊಂಡು ಹಿರಿಯೂರಿನ ಕಡೆಯ ಬಯಲಲ್ಲಿ ತಿರುಗುತ್ತಿದ್ದ. ಉಣ್ಣೆ ಕತ್ತರಿಸಿದಾಗ ಬಂದು ಮೂಟೆ ಇಳಿಸಿ ಒಂದು ಹೊತ್ತು ಉಂಡು ಹೋಗುತ್ತಿದ್ದ. ಅವ್ವ ನೂಲುತ್ತಿದ್ದಳು. ಹುಣಸೆಬೀಜ ಅರೆದು ಕುದಿಸಿ ಗಂಜಿಯಂಥ ಸರಿ ಮಾಡಿ, ಮಗ್ಗಕ್ಕೆ ಉದ್ದುದ್ದ ಕಟ್ಟುವ ಹಾಸಿನ ನೂಲಿಗೆ ಬಳಿದು ಬಿರುಸು ಮಾಡುವುದೂ ಅವಳ ಕೆಲಸವೇ. ಅಜ್ಜಿಯ ಆಡಳಿತ ರಾಗಿ ಪೆಟ್ಟಿಗೆಯ ಮೇಲೆ. ಮತ್ತಿಮರದ, ಇಬ್ಬರು ಮಲಗುವಷ್ಟು ಉದ್ದದ ಪೆಟ್ಟಿಗೆ ಅದು. ಬೀಸಲು ರಾಗಿ ತೆಗೆಯುವಾಗೆಲ್ಲ ಅತ್ತೆ ಸೊಸೆಗೆ ಜಗಳ. ಅವ್ವನ ಕೈ ದೊಡ್ಡದು ಎಂದು ಅಜ್ಜಿ. ಅಜ್ಜಿಯ ಕಣ್ಣು ದೊಡ್ಡದು ಎಂದು ಅವ್ವ. ಅಪ್ಪ ಇಬ್ಬರ ನಡುವೆ ಮುದ್ದೆ ಮುರಿದು, ಸೊಪ್ಪಿನ ಸಾರಿಗೆ ಅದ್ದಿ, ನುಂಗಿ, ಕೈ ತೊಳೆದು ಮತ್ತೆ ಗುಂಡಿಗೆ ಇಳಿಯುತ್ತಿದ್ದ. ಅವನು ಮಾತಾಡುತ್ತಿದ್ದದ್ದು ಬಹಳ ಕಡಿಮೆ. ಮಗ್ಗವೇ ಅವನ ಪರವಾಗಿ ಮಾತಾಡುತ್ತಿತ್ತು. ಕಾಲಲ್ಲಿ ಕೋಲು ಒತ್ತಿದರೆ ಕಿರ್ರ್, ಲಾಳಿ ದಾಟಿದರೆ ಸರ್ರ್, ಹಲಗೆ ಬಡಿದು ನೂಲು ಕೂರಿಸಿದರೆ ದಬ್. ಕಿರ್ರ್, ಸರ್ರ್, ದಬ್. ತೊಟ್ಟಿಲಲ್ಲಿದ್ದಾಗಿನಿಂದ ಆ ಸದ್ದು ಕೇಳಿದವನು ನಾನು. ಅದು ನಿಂತರೆ ಎಚ್ಚರವಾಗುತ್ತಿತ್ತಂತೆ.

ಸ್ಕೂಲು ನಾನೇ ಬಿಟ್ಟೆ. ಬಿಡಿಸಿದರು ಎಂದು ಯಾರಾದರೂ ಹೇಳಿದರೆ ಇವತ್ತಿಗೂ ಒಪ್ಪುವುದಿಲ್ಲ. ನಮ್ಮ ಬಟ್ಟೆಗೆ ಉಣ್ಣೆಯ ವಾಸನೆ, ಹುಣಸೆಸರಿಯ ವಾಸನೆ ಅಂಟಿಕೊಂಡಿರುತ್ತಿತ್ತು. ಬೆಂಚಿನಲ್ಲಿ ಪಕ್ಕ ಕೂತವರು ಮೂಗು ಮುಚ್ಚಿಕೊಂಡು ಟಗರಿನ ಹಾಗೆ ಬ್ಯಾ ಎನ್ನುತ್ತಿದ್ದರು. ಒಂದು ದಿನ ಮೇಷ್ಟ್ರು ಅವರನ್ನು ಬಯ್ಯುವುದು ಬಿಟ್ಟು, ನನ್ನನ್ನೇ ಕಿಟಕಿ ಪಕ್ಕಕ್ಕೆ ಹೋಗಿ ಒಬ್ಬನೇ ಕೂತುಕೋ ಎಂದರು. ಕೂರಲಿಲ್ಲ. ಸ್ಲೇಟು, ಪುಸ್ತಕ ಎತ್ತಿಕೊಂಡು ಬಾಗಿಲು ದಾಟಿ ಸೀದಾ ಮನೆಗೆ ಬಂದೆ. ಅಪ್ಪ ನೇಯುತ್ತಲೇ ನನ್ನ ಮುಖ ನೋಡಿದ. ಅವ್ವ ಅತ್ತಳು. ಸಂತೇಪೇಟೆಯ ಕಡೆ ಮೈಕ್ ಸೆಟ್ಟಿನ ಅಂಗಡಿ ಇಟ್ಟಿದ್ದ ಬಾಷಾ ಸಾಬ್ರ ಹತ್ತಿರ ಮರುವಾರ ನಾನೇ ಹೋಗಿ ಕೆಲಸ ಕೇಳಿದೆ. ತಂತಿ ಸುತ್ತುವುದು, ಬ್ಯಾಟರಿ ಹೊರುವುದು, ಮದುವೆ ಮನೆಯ ಮುಂದಿನ ಮರ ಹತ್ತಿ ಮೈಕಿನ ತುತ್ತೂರಿಯಂಥ ಹಾರನ್ನು ಕಟ್ಟುವುದು. ನನ್ನ ವಾಸನೆಯ ಬಗ್ಗೆ ಸಾಬ್ರು ಒಂದು ದಿನವೂ ಮಾತೆತ್ತಲಿಲ್ಲ. ಅವರಿಗೂ ಬೆಸುಗೆ ಹಾಕುವ ಸೋಲ್ಡರಿನ ಹೊಗೆಯ ವಾಸನೆಯಿತ್ತು. ಆದರೆ ಓಣಿಯ ಹುಡುಗರೆಲ್ಲ ಬೆಳಿಗ್ಗೆ ಚೀಲ ಹಾಕಿಕೊಂಡು ಒಂದು ಕಡೆಗೆ ಹೋಗುವಾಗ ನಾನು ಇನ್ನೊಂದು ಕಡೆಗೆ ಹೋಗುತ್ತಿದ್ದೆ. ಸಂಜೆ ಅವರು ಗೋಲಿ ಆಡಿ ಮುಗಿಸುವ ಹೊತ್ತಿಗೆ ನಾನು ಬರುತ್ತಿದ್ದೆ. ಹೀಗೆ ಒಂದೆರಡು ವರ್ಷ ಕಳೆಯುವಷ್ಟರಲ್ಲಿ ನನಗೆ ಗೆಳೆಯರೆಂಬುವವರು ಯಾರೂ ಉಳಿದಿರಲಿಲ್ಲ. ಉಳಿಸಿಕೊಳ್ಳುವುದಕ್ಕೆ ನಾನಾಗಿ ಹೋಗಿ ಮಾತಾಡಿಸಿದವನೂ ಅಲ್ಲ.

ನನಗೆ ಮೀಸೆ ಮೂಡುವ ಸಮಯದಲ್ಲಿ, ಗಣೇಶನ ಹಬ್ಬಕ್ಕೆ ಹೊರಗಿನಿಂದ ಒಂದು ಆರ್ಕೆಸ್ಟ್ರಾ ಪಾರ್ಟಿ ಬಂದಿತ್ತು. ಕಾರ್ಯಕ್ರಮದ ನಡುವೆ ಅವರ ಕರೆಂಟು ಗಿಟಾರಿನ ದನಿ ಹೋಯಿತು. ಮರುದಿನ ಬೆಳಿಗ್ಗೆ ಅದನ್ನು ನುಡಿಸುವವನೇ ಅಂಗಡಿಗೆ ಹೊತ್ತು ತಂದ. ಹೆಸರು ಡೇವಿಡ್. ಕತ್ತಿನವರೆಗೆ ಕೂದಲು, ಅಗಲ ಕಾಲಿನ ಪ್ಯಾಂಟು, ಬೆಂಗಳೂರಿನ ಮಾತು. ಗಿಟಾರು ಕುಂಕುಮದ ಬಣ್ಣದ್ದು. ನಾನು ಅಲ್ಲಿಯವರೆಗೆ ಅಂಥದನ್ನು ಕೈಯಳತೆಯಲ್ಲಿ ನೋಡಿರಲಿಲ್ಲ. ಸಾಬ್ರು ಬಿಚ್ಚಿ ನೋಡಿ, ತಂತಿಗಳ ಕೆಳಗಿನ ತಾಮ್ರದ ಸುರುಳಿ ಸುಟ್ಟಿದೆ, ಕೂದಲೆಳೆಯಂಥ ತಂತಿ ತರಿಸಿ ಹೊಸದಾಗಿ ಸುತ್ತಬೇಕು, ಅವಸರ ಮಾಡಿದರೆ ಆಗುವ ಕೆಲಸವಲ್ಲ ಎಂದರು. ಡೇವಿಡ್ ತಲೆ ಕೆರೆದುಕೊಂಡ. ಮುಂದಿನ ಊರುಗಳಿಗೆ ಬೇರೆ ಯಾರದೋ ಗಿಟಾರು ಕೇಳಿ ಇಸಿದುಕೊಳ್ಳುತ್ತೇನೆ, ಇದು ಇಲ್ಲೇ ಇರಲಿ ಎಂದ. ಬಸ್ಸಿಗೆ ಇನ್ನೂ ಹೊತ್ತಿತ್ತು. ಅವನು ತನ್ನ ಚೀಲದಿಂದ ಒಂದು ರೆಕಾರ್ಡು ತೆಗೆದು ನಮ್ಮ ಪ್ಲೇಯರಿನ ಮೇಲೆ ಇಟ್ಟ.

ಆ ಹಾಡನ್ನು ಹೇಗೆ ಹೇಳಲಿ? ಮಾತು ಇಂಗ್ಲಿಷು, ಒಂದಕ್ಷರ ತಿಳಿಯಲಿಲ್ಲ. ಮೊದಲಿಗೆ ಗಿಟಾರಿನ ದಪ್ಪ ತಂತಿಗಳು ಒಂದರ ಮೇಲೊಂದು ಕಲ್ಲು ಉರುಳಿಸಿದ ಹಾಗೆ ಬಂದವು. ಉರುಳಿ ಉರುಳಿ ಬಂದು, ಒಂದು ಕಡೆ ಎಲ್ಲವೂ ತಟಕ್ಕನೆ ನಿಂತುಬಿಟ್ಟಿತು. ಉಸಿರೂ ಇಲ್ಲ. ಆಮೇಲೆ ಮತ್ತೆ ಮೊದಲಿನಿಂದ. ಅದರ ಮೇಲೆ ಒಬ್ಬ ಕೂಗುತ್ತಿದ್ದ. ಹಾಡುತ್ತಿದ್ದ ಎನ್ನಲಾರೆ. ಮಂದೆಯಿಂದ ತಪ್ಪಿಸಿಕೊಂಡ ಕುರಿಗೆ ಚಿಕ್ಕಪ್ಪ ಗುಡ್ಡದಾಚೆಗೆ ಕೂಗುತ್ತಿದ್ದನಲ್ಲ, ಕೇಳಿಸುತ್ತದೋ ಇಲ್ಲವೋ ಗೊತ್ತಿಲ್ಲದೆ, ಹಾಗೆ. ಸಾಬ್ರು ಕಿವಿಗೆ ಬೆರಳಿಟ್ಟುಕೊಂಡರು. ನಾನು ಸುತ್ತುತ್ತಿದ್ದ ತಂತಿಯನ್ನು ಕೈಬಿಟ್ಟೆ. ಡೇವಿಡ್ ನನ್ನ ಮುಖ ನೋಡಿ ನಕ್ಕ. ದನಿ ಹೋದ ಗಿಟಾರನ್ನೇ ನನ್ನ ತೊಡೆಯ ಮೇಲಿಟ್ಟು, ಎಡಗೈ ಬೆರಳು ಎಲ್ಲೆಲ್ಲಿ ಒತ್ತಬೇಕೆಂದು ಒಂದೊಂದಾಗಿ ತೋರಿಸಿದ.

"ಇಷ್ಟೇ ಕಣೋ ಹಾಡು. ಮೇಲೆ ಹೋಗೋದು, ಕೆಳಗೆ ಬರೋದು, ನಿಲ್ಲೋದು."

"ನಾನು ಕಲೀಬಹುದಾ ಅಣ್ಣ?"

"ಕಲಿ. ನಾನು ವಾಪಸ್ ಬರೋ ಹೊತ್ತಿಗೆ ಪೂರ್ತಿ ನುಡಿಸಿ ತೋರಿಸು, ನಮ್ಮ ಪಾರ್ಟಿಗೆ ಕರ್ಕೊಂಡು ಹೋಗ್ತೀನಿ."

ಬಸ್ಸಿಗೆ ಕಾಯುವವನು ಹೊತ್ತು ಕಳೆಯಲು ಆಡಿದ ಮಾತು ಅದು. ನಾನು ಅದನ್ನು ಎದೆಗೆ ಹಾಕಿಕೊಂಡೆ. ರೆಕಾರ್ಡನ್ನೂ ಅವನು ನನ್ನ ಕೈಗೆ ಕೊಟ್ಟು ಹೋದ.

ಅಂಗಡಿಯ ಗೋಡೆಗೆ ಮಳೆಯಲ್ಲಿ ತೇವ ಏರುತ್ತಿತ್ತು, ಇಲಿಗಳ ಕಾಟ ಬೇರೆ. ಸುಟ್ಟ ಸುರುಳಿಯನ್ನು ಬಿಚ್ಚಿ ತೆಗೆದಿಟ್ಟುಕೊಂಡು, ಗಿಟಾರನ್ನು ನನ್ನ ಕೈಗೆ ಕೊಟ್ಟು ಸಾಬ್ರು ಹೇಳಿದರು:

"ನಿಮ್ಮನೇಲಿ ಇಟ್ಕಳಪ್ಪ ತಿಪ್ಪೇಶಿ. ಕಂಬಳಿ ಸುತ್ತಿಡು, ಬೆಚ್ಚಗಿರ್ತೈತೆ. ಬಾರ್ಸ್ತಾ ಇರು, ಇಲ್ಲಾಂದ್ರೆ ತಂತಿ ತುಕ್ಕು ಹಿಡೀತವೆ. ಅಂಗಡೀಲಿ ಮಾತ್ರ ಬ್ಯಾಡ. ರಿಪೇರಿಗೆ ಬಂದಿದ್ದನ್ನ ಬಾರ್ಸ್ತಾ ಕುಂತವ್ರೆ ಅಂತಾರೆ ಗಿರಾಕಿಗಳು."

ಕಂಬಳಿ ಸುತ್ತಿಕೊಂಡು ಹೆಗಲ ಮೇಲೆ ಹೊತ್ತು ತಂದದ್ದನ್ನು ಕಂಡು ಅಜ್ಜಿ ಎದ್ದು ನಿಂತಳು. ಯಾರದೋ ಕೂಸನ್ನು ಎತ್ತಿಕೊಂಡು ಬಂದೆ ಎಂದುಕೊಂಡಳಂತೆ. ಬಿಚ್ಚಿದ ಮೇಲೆ ತಂತಿ ಎಳೆದು ನೋಡಿದಳು. ಸೊಳ್ಳೆಯ ದನಿಯಷ್ಟು ಸದ್ದು ಬಂತು.

"ಏನ್ಲೇ ಇದು, ಗಂಟಲು ಬಿದ್ದು ಹೋಗೈತಲ್ಲ?"

"ಕರೆಂಟು ಕೊಟ್ರೆ ಕೂಗ್ತೈತಜ್ಜಿ."

"ನಮ್ಮನೇಲಿ ಕರೆಂಟು ಎಲ್ಲೈತಪ್ಪ?"

"ಅದಕ್ಕೇ ಸುಮ್ನೈತೆ."

"ಬದುಕಿದ್ವಿ ಬಿಡು" ಎಂದಳು ಅಜ್ಜಿ. ಅಪ್ಪ ಲಾಳಿ ಹಿಡಿದುಕೊಂಡೇ ಒಂದು ಸಲ ನೋಡಿ, ಮತ್ತೆ ಕೋಲು ಒತ್ತಿದ.

ಊರನ್ನೇ ನಡುಗಿಸಬೇಕಾದ ಹಾಡನ್ನು ನಾನು ಕಲಿಯಲು ಕೂತದ್ದು ಹೀಗೆ, ಕರೆಂಟಿಲ್ಲದ ಮನೆಯಲ್ಲಿ, ಸದ್ದಿಲ್ಲದ ಗಿಟಾರಿನಲ್ಲಿ. ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚಿನ ಹೊತ್ತು ನನ್ನದು. ಮೊದಮೊದಲು ನಾನು ಬಾರಿಸಿದ್ದು ನನಗೇ ಕೇಳುತ್ತಿರಲಿಲ್ಲ. ಗದ್ದವನ್ನು ಗಿಟಾರಿನ ಮೈಗೆ ಒತ್ತಿ, ಹಲ್ಲುಗಳ ಮೂಲಕ ಕೇಳಿಸಿಕೊಳ್ಳುತ್ತಿದ್ದೆ. ಒಂದು ದಿನ ಕಾಲು ಜೋಮು ಹಿಡಿದು ರಾಗಿ ಪೆಟ್ಟಿಗೆಯ ಮೇಲೆ ಹತ್ತಿ ಕೂತೆ, ಗಿಟಾರಿನ ತುದಿ ಪೆಟ್ಟಿಗೆಗೆ ತಾಗಿತು. ಪೆಟ್ಟಿಗೆ ಗುಂಯ್ ಎಂದಿತು. ಮತ್ತಿಮರದ ಹಲಗೆ ನನ್ನ ತಂತಿಯ ಸದ್ದನ್ನು ಎತ್ತಿಕೊಂಡು ಮನೆಗೆಲ್ಲ ಹಂಚಿತು. ಅಂದಿನಿಂದ ಅದೇ ನನ್ನ ಜಾಗ. ಪೆಟ್ಟಿಗೆ ತುಂಬಿದ್ದಾಗ ದನಿ ಮಂದ, ರಾಗಿ ಇಳಿದಷ್ಟೂ ಜೋರು. ಸುಗ್ಗಿಗೆ ಇನ್ನೂ ದೂರವಿರುವಾಗ ನನ್ನ ಹಾಡು ಗಟ್ಟಿಯಾಗಿ ಕೇಳತೊಡಗಿದರೆ ಅಜ್ಜಿಗೆ ಎದೆ ಧಸಕ್ಕೆನ್ನುತ್ತಿತ್ತು.

"ಕೇಳಿಸ್ಕಂಡೇನೇ? ರಾಗಿ ತಳ ಮುಟ್ಟೈತೆ. ನಾ ಹೇಳಿದ್ರೆ ಜಗಳ ಅಂತೀಯ. ಈಗ ಪೆಟ್ಟಿಗೇನೇ ಹೇಳ್ತೈತೆ ನೋಡು ನಿನ್ನ ಕೈ ಎಷ್ಟು ದೊಡ್ಡದು ಅಂತ."

"ನಿಮ್ಮ ಮೊಮ್ಮಗ ತಿಂದಿದ್ದು ಅತ್ತೆ. ಕುಂತು ಕುಂತೇ ಅರಗಿಸ್ಕಳ್ತಾನೆ."

ಬೆರಳು ತುದಿಗಳು ಬಿರಿದು ರಕ್ತ ಒಸರುತ್ತಿತ್ತು. ನೂಲಿಗೆ ಬಳಿಯುವ ಹುಣಸೆಸರಿಯಲ್ಲಿ ಬೆರಳು ಅದ್ದಿ ಬಿಸಿಲಿಗೆ ಹಿಡಿದರೆ ಒಣಗಿ ಬಿರುಸಾಗುತ್ತದೆ ಎಂದು ಕಂಡುಕೊಂಡೆ. ಸ್ಕೂಲಿನಲ್ಲಿ ಮೂಗು ಮುಚ್ಚಿಸಿದ ವಾಸನೆ ಈಗ ನನ್ನ ಬೆರಳಿಗೆ ಕವಚವಾಯಿತು. ಸಣ್ಣ ತಂತಿ ಕಡಿದಾಗ ಸೈಕಲ್ಲಿನ ಬ್ರೇಕ್ ವಯರಿನ ಒಂದು ಎಳೆ ಬಿಡಿಸಿ ಕಟ್ಟಿದೆ. ತಂತಿ ಮೀಟಲು ಮುರಿದ ಬಾಚಣಿಗೆಯ ಚೂರು ಇಟ್ಟುಕೊಂಡಿದ್ದೆ. ಒಂದು ಬೆಳಿಗ್ಗೆ ಪೆಟ್ಟಿಗೆಯ ಮೇಲೆ, ಟಗರಿನ ಕೊಂಬನ್ನು ತೆಳ್ಳಗೆ ಹೆರೆದು ನುಣುಪು ಮಾಡಿದ ಒಂದು ಬಿಲ್ಲೆ ಇತ್ತು. ಅಜ್ಜಿ ಇಟ್ಟಿರಬೇಕೆಂದು ಎತ್ತಿಕೊಂಡೆ. ಬಾಚಣಿಗೆಗಿಂತ ಎಷ್ಟೋ ಹಿತವಾಗಿ ಮೀಟುತ್ತಿತ್ತು.

ಹಾಡನ್ನು ಅಂಗಡಿಯಿಂದ ಮನೆಗೆ ತರುವುದೇ ದೊಡ್ಡ ಪಾಡು. ಗಿರಾಕಿಗಳಿಲ್ಲದೆ, ಕರೆಂಟಿದ್ದು, ಪ್ಲೇಯರು ಬಾಡಿಗೆಗೆ ಹೋಗದೆ ಇದ್ದರೆ ಸಾಬ್ರು ಒಂದು ಸಲ ಹಾಕಲು ಬಿಡುತ್ತಿದ್ದರು. ಅದರಲ್ಲೊಂದು ತುಣುಕನ್ನು ಬಾಯಲ್ಲೇ ಗುನುಗುತ್ತ, ದಾರಿಯಲ್ಲಿ ಯಾರು ಮಾತಾಡಿಸಿದರೂ ತಿರುಗಿ ನೋಡದೆ, ಬೊಗಸೆಯಲ್ಲಿ ನೀರು ತಂದ ಹಾಗೆ ಮನೆಗೆ ತರುತ್ತಿದ್ದೆ. ಅರ್ಧ ಸೋರಿ ಹೋಗುತ್ತಿತ್ತು. ಮಾರನೆಯ ದಿನ ಮತ್ತೆ. ಓಣಿಯವರು, ಬಾಷಾ ಸಾಬ್ರ ಅಂಗಡಿ ಸೇರಿ ಈ ಹುಡುಗನಿಗೆ ತಲೆ ಕೆಟ್ಟಿದೆ ಎಂದುಕೊಂಡರು. ಅನ್ನಲಿ ಎಂದುಕೊಂಡೆ.

ಆಮೇಲೆ ಮದುವೆಗಳ ಕಾಲ ಬಂತು. ಇವತ್ತು ಭರಮಸಾಗರ, ನಾಳೆ ಹೊಸದುರ್ಗ, ನಾಡಿದ್ದು ಹೊಳಲ್ಕೆರೆ ಎಂದು ಮೈಕ್ ಸೆಟ್ಟಿನ ಜೊತೆ ತಿರುಗಾಟ. ರೆಕಾರ್ಡನ್ನು ನಾನು ದೇವರ ಹಾಡುಗಳ ರೆಕಾರ್ಡುಗಳ ನಡುವೆ ಸೇರಿಸಿಕೊಂಡು ಹೋಗುತ್ತಿದ್ದೆ, ಎಲ್ಲಾದರೂ ಕೇಳಲು ಸಂದು ಸಿಕ್ಕೀತು ಎಂದು. ಹೊಳಲ್ಕೆರೆಯ ಒಂದು ಮದುವೆ ಮನೆಯಲ್ಲಿ, ಮುಹೂರ್ತ ಮುಗಿದು ಜನ ಊಟದ ಪಂಕ್ತಿಯ ಕಡೆ ಹೋಗಿದ್ದರು. ಚಪ್ಪರದಲ್ಲಿ ಯಾರೂ ಇರಲಿಲ್ಲ. ಸಣ್ಣಗೆ ಹಾಕಿ ಕೇಳೋಣವೆಂದು ರೆಕಾರ್ಡಿನ ಮೇಲೆ ಪ್ಲೇಯರಿನ ಮುಳ್ಳು ಇಟ್ಟೆ. ಆಂಪ್ಲಿಫಯರಿನ ಗುಂಡಿ ಯಾರೋ ಜೋರಾಗಿ ತಿರುಗಿಸಿಟ್ಟಿದ್ದರು. ಮಾವಿನ ಮರದ ಮೇಲಿನಿಂದ ಆ ಹಾಡು ಇಡೀ ಬೀದಿಯ ಮೇಲೆ ಬಿತ್ತು. ಎಲೆ ಮುಂದೆ ಕೂತಿದ್ದವರು ಎದ್ದರಂತೆ. ಹೆಣ್ಣಿನ ಸೋದರಮಾವ ಪಾಯಸದ ಸೌಟು ಹಿಡಿದುಕೊಂಡೇ ಓಡಿ ಬಂದ.

"ಯಾವನ್ಲೇ ಅವನು? ಮದುವೆ ಮನೇಲಿ ಇದೇನು ಬೊಬ್ಬೆ? ಮಾಳಿಗೆ ಬಿದ್ದು ಯಾರೋ ಸತ್ರು ಅಂದ್ಕಂಡೆ!"

"ಹಾಡು ಮಾಮ."

"ಹಾಡಂತೆ! ಇವನ್ನ ಕುರಿ ಕಾಯಾಕೆ ಹಚ್ಚಬೇಕಿತ್ತು, ಮೈಕು ಕೊಟ್ಟವ್ರೆ."

ಅವನೇ ರೆಕಾರ್ಡನ್ನು ಕಿತ್ತು ಚಪ್ಪರದ ಪಕ್ಕದ ತಗಡಿನ ಮೇಲೆ ಎಸೆದು ಹೋದ. ಸಾಬ್ರು ಕ್ಷಮೆ ಕೇಳಿದರು, ನನ್ನನ್ನು ಗದರಿಸಿ ಹಾರನ್ನಿನ ತಂತಿ ನೋಡಲು ಮರ ಹತ್ತಿಸಿದರು. ನಾನು ಇಳಿದು ಬಂದು ನೋಡುವಷ್ಟರಲ್ಲಿ ಬೇಸಿಗೆಯ ಬಿಸಿಲಿಗೆ, ಕಾದ ತಗಡಿನ ಮೇಲೆ, ರೆಕಾರ್ಡು ಹಪ್ಪಳದ ಹಾಗೆ ಮುದುರಿ ನಿಂತಿತ್ತು. ಮುಳ್ಳು ಇಟ್ಟರೆ ಜಾರಿ ಬೀಳುತ್ತಿತ್ತು.

ಅವತ್ತು ಲಾರಿಯಲ್ಲಿ ವಾಪಸು ಬರುವಾಗ ಹಾರನ್ನುಗಳ ನಡುವೆ ಕೂತು ಯೋಚಿಸಿದೆ. ಇನ್ನು ಆ ಹಾಡು ಈ ಸೀಮೆಯಲ್ಲಿ ಬೇರೆ ಯಾರ ಹತ್ತಿರವೂ ಇಲ್ಲ. ನನ್ನ ತಲೆಯೊಳಗೆ ಮಾತ್ರ ಇದೆ. ನಾನು ಮರೆತರೆ ಮುಗಿಯಿತು. ತಪ್ಪು ಕಲಿತರೆ ತಪ್ಪು ಎನ್ನಲು ಒಬ್ಬನೂ ಇಲ್ಲ. ಡೇವಿಡ್ ಬರುವವರೆಗೆ ಅದನ್ನು ಕಾಪಾಡಬೇಕು. ಬಂದಾಗ ಬಾರಿಸಿ ತೋರಿಸಬೇಕು. ತೋರಿಸಿದರೆ ಅವರ ವ್ಯಾನು ಹತ್ತಿ ಹೋಗಬಹುದು, ನನ್ನ ಹಾಗೆಯೇ ಆ ಕೂಗು ಕೇಳಿ ಕೈಕೆಲಸ ಬಿಟ್ಟವರ ನಡುವೆ ಕೂರಬಹುದು. ಅಷ್ಟೇ ಬೇಕಿತ್ತು ನನಗೆ. ಅಂಗಡಿಗೆ ರಜೆ ಇದ್ದ ದಿನ ಚಂದ್ರವಳ್ಳಿಗೆ ನಡೆದು ಹೋಗುತ್ತಿದ್ದೆ. ಅಲ್ಲಿಯ ಕತ್ತಲೆ ಗುಹೆಯ ಬಾಯಲ್ಲಿ ಕೂತು ಹಾಡಿನ ತುಣುಕುಗಳನ್ನು ಬಾಯಲ್ಲಿ ಹೇಳಿದರೆ ಒಳಗಿನಿಂದ ಅದೇ ತುಣುಕು ವಾಪಸು ಬರುತ್ತಿತ್ತು. ಇನ್ನೊಬ್ಬನಿಗೂ ಬರುತ್ತದೆ ಈ ಹಾಡು ಎನ್ನಿಸುತ್ತಿತ್ತು, ಎದ್ದು ಬರುವವರೆಗೆ.

ಮನೆಯಲ್ಲಿ ಹಾಡಿಗೆ ತಾಳ ಬೇಕಲ್ಲ. ರೆಕಾರ್ಡಿನಲ್ಲಿ ಡ್ರಮ್ಮಿತ್ತು, ಇಲ್ಲಿ ಇದ್ದದ್ದು ಮಗ್ಗ. ನನಗೆ ಗೊತ್ತಿಲ್ಲದ ಹಾಗೆ ನನ್ನ ಕೈ ಅಪ್ಪನ ಹಲಗೆಗೆ ಹೊಂದಿಕೊಂಡಿತು. ದಬ್ ಎಂದಾಗ ದಪ್ಪ ತಂತಿ, ಲಾಳಿ ಸರಿದಾಗ ಮೇಲೇರುವುದು, ಕೋಲು ಕಿರ್ರ್ ಎಂದಾಗ ಇಳಿಯುವುದು. ಹಾಡು ತಟಕ್ಕನೆ ನಿಲ್ಲುವ ಜಾಗ ಬಂದಾಗ ನಾನು ಅಂಗೈಯನ್ನು ತಂತಿಗಳ ಮೇಲೆ ಚಾಚಿ ಹಿಡಿದು ಸುಮ್ಮನೆ ಕೂರುತ್ತಿದ್ದೆ. ಅಗಲ ಕಂಬಳಿಯ ಈ ಅಂಚಿನಿಂದ ಆ ಅಂಚಿಗೆ ಅಪ್ಪನ ಲಾಳಿ ಮುಟ್ಟಿ, ಹಲಗೆ ಬಿದ್ದ ಮೇಲೆಯೇ ಮುಂದಕ್ಕೆ. ಒಬ್ಬರ ಮುಖ ಒಬ್ಬರು ನೋಡದೆ, ಅವನು ಗುಂಡಿಯಲ್ಲಿ, ನಾನು ಪೆಟ್ಟಿಗೆಯ ಮೇಲೆ, ಬೆಳಕಿಂಡಿಯ ಬಿಸಿಲು ನಡುವೆ. ತುಂಬ ದಿನ ಹೀಗೆ ನಡೆಯಿತು. ಆ ದಿನಗಳಲ್ಲೇ ಅವ್ವ ನೂಲು ಸುತ್ತುತ್ತ ಗೊಣಗುತ್ತಿದ್ದದ್ದು ನೆನಪಿದೆ.

"ಮೊದ್ಲು ಸಂತೆಯಿಂದ ಸಂತೆಗೆ ಒಂದು ಕಂಬಳಿ ಇಳೀತಿತ್ತು. ಈಗ ಇನ್ನೂ ಅರ್ಧದಾಗೇ ಐತಲ್ಲ. ಮೈಗೆ ಹುಷಾರಿಲ್ವ?"

"ಹುಷಾರೈತೆ" ಎಂದ ಅಪ್ಪ. "ಈ ಸಲದ ನೂಲು ಹಂಗೈತೆ."

"ನೂಲು ತೆಗ್ದೋಳು ನಾನು. ನೂಲಿಗೇನಾಗೈತೆ?"

ಅಪ್ಪ ಮತ್ತೆ ಕೋಲು ಒತ್ತಿದ. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನನಗೆ ಹಾಡು ಪೂರ್ತಿ ಬಂದಿತ್ತು. ಮೊದಲಿನಿಂದ ಕೊನೆಯವರೆಗೆ, ಒಂದು ಬೆರಳೂ ತಪ್ಪದೆ.

ಡೇವಿಡ್ ಬಂದದ್ದು ಮತ್ತೆ ಗಣೇಶನ ಹಬ್ಬ ಹತ್ತಿರ ಬಂದಾಗ, ಒಂದು ಮಧ್ಯಾಹ್ನ. ಸಾಬ್ರು ಸುರುಳಿ ಸುತ್ತಿ ಇಟ್ಟು ಎಷ್ಟೋ ದಿನವಾಗಿತ್ತು. ನಾನು ಮನೆಗೆ ಓಡಿ ಕಂಬಳಿಯ ಸಮೇತ ಗಿಟಾರು ತಂದೆ. ಸಾಬ್ರು ಸುರುಳಿ ಕೂರಿಸಿ, ಸೋಲ್ಡರು ಇಟ್ಟು, ಮೈಕ್ ಸೆಟ್ಟಿನ ಆಂಪ್ಲಿಫಯರಿಗೆ ತಂತಿ ಕೊಟ್ಟರು. ಡೇವಿಡ್ ಕೈ ಚಾಚಿದ. ನಾನು ಕೊಡಲಿಲ್ಲ.

"ಅಣ್ಣ, ಮೊದ್ಲು ನಾನು."

"ಓ, ನೀನಾ? ಏನು, ಕಲಿತುಬಿಟ್ಟೆಯಾ? ಹೊಡಿ ನೋಡೋಣ."

ಕೊಂಬಿನ ಬಿಲ್ಲೆಯಿಂದ ದಪ್ಪ ತಂತಿ ಮೀಟಿದೆ. ಗಾಜಿನ ಬೀರುವಿನೊಳಗಿನ ರೇಡಿಯೋ ವಾಲ್ವುಗಳೆಲ್ಲ ಗಲಗಲ ಎಂದವು. ವರ್ಷವಿಡೀ ಹಲ್ಲಿನಲ್ಲಿ, ಪೆಟ್ಟಿಗೆಯಲ್ಲಿ ಕೇಳಿದ್ದು ಈಗ ರಸ್ತೆಯವರೆಗೆ ಹೋಗುತ್ತಿತ್ತು. ಸೈಕಲ್ಲಿನವರು ನಿಂತರು. ಹೆದರಿಕೆಯಾದರೂ ನಿಲ್ಲಿಸಲಿಲ್ಲ. ಕಣ್ಣು ಮುಚ್ಚಿಕೊಂಡು ಮಗ್ಗವನ್ನು ನೆನೆದುಕೊಂಡೆ. ಏರಿದೆ, ಇಳಿದೆ, ನಿಲ್ಲುವ ಜಾಗದಲ್ಲಿ ನಿಂತೆ, ಮತ್ತೆ ಹೊರಟೆ. ಕೊನೆ ಮುಟ್ಟಿ ಕಣ್ಣು ತೆರೆದಾಗ ಡೇವಿಡ್ ನನ್ನನ್ನು ಒಂದು ಥರ ನೋಡುತ್ತಿದ್ದ. ಗೇಲಿಯಿಂದಲ್ಲ, ಅಷ್ಟು ಹೇಳುತ್ತೇನೆ.

"ಬೆರಳು ಒಂದೂ ತಪ್ಪಿಲ್ಲ ಕಣೋ. ಆದ್ರೆ ಇದ್ಯಾಕೆ ಇಷ್ಟು ನಿಧಾನ? ಆ ಹಾಡು ಓಡಬೇಕು. ನೀನು ಗೊಬ್ಬರದ ಗಾಡಿ ಹೊಡೀತಾ ಇದ್ದೀಯ."

"ರೆಕಾರ್ಡ್‌ನಾಗೆ ಹಿಂಗೇ ಇತ್ತಲ್ಲಣ್ಣ."

"ಎಲ್ಲಿತ್ತು? ಆ ನಿಲ್ಲೋ ಜಾಗ ಇದೆಯಲ್ಲ, ಕಣ್ಣು ಮಿಟುಕಿಸೋಷ್ಟು ಹೊತ್ತು, ಅಷ್ಟೇ. ನೀನು ನಿಲ್ಲಿಸಿದ್ರೆ ನಾನು ಹೊರಗೆ ಹೋಗಿ ಬೀಡಿ ಸೇದಿಕೊಂಡು ಬರಬಹುದು."

ಸೈಕಲ್ಲಿನವರು ನಕ್ಕರು. ಡೇವಿಡ್ ಗಿಟಾರು ತೆಗೆದುಕೊಂಡು ಬಾರಿಸಿ ತೋರಿಸಿದ. ಹೌದು, ಅದೇ. ಕಲ್ಲುಗಳು ಉರುಳುತ್ತಿದ್ದವು, ಓಡುತ್ತಿದ್ದವು. ನಾನು ಮೊದಲ ದಿನ ಕೇಳಿದ್ದು ಅದೇ ಎಂದು ಕೇಳಿದ ತಕ್ಷಣ ಗೊತ್ತಾಯಿತು. ಮತ್ತೆ ನನ್ನ ಕೈಗೆ ಕೊಟ್ಟು, ಅವನು ಮೇಜು ಕುಟ್ಟುತ್ತ ವೇಗ ಹೇಳಿದ. ಎರಡು ಏರಿಕೆ ಅವನ ಜೊತೆ ಓಡಿದೆ. ಆಮೇಲೆ ಬೆರಳುಗಳು, ಹಟ್ಟಿಯ ದಾರಿ ಹಿಡಿದ ಕುರಿಗಳ ಹಾಗೆ, ತಮ್ಮ ನಡಿಗೆಗೇ ಮರಳಿದವು. ಮತ್ತೆ ಪ್ರಯತ್ನಿಸಿದೆ. ಮತ್ತೆ ಹಾಗೆಯೇ.

"ಇರಲಿ ಬಿಡು. ಇನ್ನೊಂದು ಸ್ವಲ್ಪ ಪ್ರಾಕ್ಟೀಸ್ ಮಾಡು" ಎಂದ. ಯಾವ ಗಿಟಾರಿನಲ್ಲಿ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಪಾರ್ಟಿಗೆ ಕರೆದುಕೊಂಡು ಹೋಗುವ ಮಾತು ಅವನಿಗೆ ನೆನಪೇ ಇರಲಿಲ್ಲ, ಮುಖದಲ್ಲೇ ಕಾಣುತ್ತಿತ್ತು. ನೆನಪಿಸುವವನು ನಾನಲ್ಲ. ಅವನು ಗಿಟಾರಿಗೆ ನಮ್ಮ ಕಂಬಳಿಯನ್ನೇ ಸುತ್ತತೊಡಗಿದ.

"ಚೆನ್ನಾಗಿದೆ ಇದು. ಇಟ್ಕೊಳ್ಲಾ?"

"ಕಂಬಳಿ ಕೊಡಿ ಅಣ್ಣ. ಅದು ನಮ್ಮಪ್ಪ ನೇಯ್ದಿದ್ದು."

ಬಿಚ್ಚಿ ಕೊಟ್ಟ. ಸಾಬ್ರು ನನ್ನ ಮುಖ ನೋಡಿ, ಸೋಲ್ಡರಿನ ಕಡ್ಡಿಯನ್ನು ಮತ್ತೆ ಕೈಗೆತ್ತಿಕೊಂಡರು. ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಸಂಜೆ ಮನೆಗೆ ಬಂದೆ. ಅದರೊಳಗೆ ಗಿಟಾರಿನ ಆಕಾರ ಹಾಗೆಯೇ ಮಡಿಕೆ ಬಿದ್ದಿತ್ತು. ಮುದ್ದೆ ನುಂಗಿ ಬಂಡೆಯ ಕಡೆ ಮುಖ ಮಾಡಿ ಮಲಗಿದೆ.

ಮಾರನೆಯ ಬೆಳಿಗ್ಗೆ ಅಭ್ಯಾಸ ಬಲದಿಂದ ಪೆಟ್ಟಿಗೆಯ ಮೇಲೆ ಹೋಗಿ ಕೂತೆ. ಕೈಯಲ್ಲಿ ಏನೂ ಇಲ್ಲ. ಅಪ್ಪ ಗುಂಡಿಗೆ ಇಳಿದು, ಕೋಲಿನ ಮೇಲೆ ಕಾಲಿಟ್ಟು, ಒತ್ತದೆ ಕೂತಿದ್ದ.

"ಏನಪ್ಪ, ಅದೆಲ್ಲಿ?"

"ಅವ್ರು ಬಂದು ತಗಂಡು ಹೋದ್ರು."

"ಹೂಂ."

ನೇಯತೊಡಗಿದ. ಸ್ವಲ್ಪ ಹೊತ್ತಿನ ಮೇಲೆ, ನನ್ನ ಕಡೆ ತಿರುಗದೆ, ನೂಲನ್ನೇ ನೋಡುತ್ತ ಹೇಳಿದ:

"ಒಂದು ಜಾಗದಾಗೆ ನಿಂಗೆ ಬೆರಳು ಸಿಕ್ತಿರಲಿಲ್ಲ ನೋಡು, ನಿಂತು ಬಿಡ್ತಿದ್ದೆ. ಅಲ್ಲಿ ನಾನೂ ಲಾಳಿ ಹಿಡ್ಕಂಡು ಕುಂತಿರ್ತಿದ್ದೆ. ನೀನು ಹಿಂದಕ್ಕೆ ಬೀಳಬಾರ್ದು ಅಂತ."

ಬೆರಳು ಸಿಗದೆ ಅಲ್ಲಪ್ಪ, ಹಾಡಿನಲ್ಲೇ ಅಲ್ಲಿ ನಿಲ್ಲುವುದಿತ್ತು, ನಾನು ಕಾಯುತ್ತಿದ್ದದ್ದು ನಿನ್ನ ಲಾಳಿ ಆಚೆ ಅಂಚು ಮುಟ್ಟಲಿ ಎಂದು: ಇಷ್ಟು ಹೇಳಬಹುದಿತ್ತು. ಅವನು ನನಗಾಗಿ ಕಾಯುತ್ತ, ನಾನು ಅವನಿಗಾಗಿ ಕಾಯುತ್ತ, ಆ ಓಡುವ ಹಾಡನ್ನು ನಾವಿಬ್ಬರೂ ಸೇರಿ ದಿನದಿನಕ್ಕೆ ನಿಧಾನ ಮಾಡಿದ್ದೆವು. ಅವ್ವ ಗೊಣಗುತ್ತಿದ್ದ ಕಂಬಳಿ ಯಾಕೆ ಬೇಗ ಇಳಿಯುತ್ತಿರಲಿಲ್ಲ ಎಂದು ಆಗ ತಿಳಿಯಿತು. ಕೊಂಬಿನ ಬಿಲ್ಲೆ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಅದನ್ನು ಹೆರೆದದ್ದು ಅಜ್ಜಿಯಲ್ಲ ಎಂದೂ ಆಗಲೇ ಹೊಳೆಯಿತು. ಎದ್ದು ಅಂಗಡಿಗೆ ಹೋದೆ.

ಆಮೇಲೆ ನಾನು ಗಿಟಾರು ಮುಟ್ಟಲಿಲ್ಲ. ಕೆಲಸ ಕಲಿತೆ, ಸಾಬ್ರ ನಂತರ ನನ್ನದೇ ಮೈಕ್ ಸೆಟ್ಟು ಮಾಡಿದೆ, ಜನರೇಟರು ಕೊಂಡೆ. ಓಣಿಯ ಬಾಯಲ್ಲಿ ನಿಂತಿದ್ದ ಕರೆಂಟನ್ನು ನನ್ನ ದುಡಿಮೆಯಿಂದಲೇ ಮನೆಯೊಳಗೆ ತಂದೆ. ಯಾರ ಹಂಗಿಗೂ ಬೀಳಲಿಲ್ಲ. ಮನೆಗೆ ದೀಪ ಬಂದ ಮೇಲೂ ಅಪ್ಪ ಬೆಳಕಿಂಡಿಯ ಕೆಳಗೇ ನೇಯುತ್ತಿದ್ದ. ಕಿರ್ರ್, ಸರ್ರ್, ದಬ್. ಮೊದಲಿನ ವೇಗವೇ ಮರಳಿತ್ತು, ಸಂತೆಯಿಂದ ಸಂತೆಗೆ ಒಂದು ಕಂಬಳಿ ಇಳಿಯುತ್ತಿತ್ತು. ಆದರೆ ಕೆಲವು ಬೆಳಿಗ್ಗೆ, ನಾನು ಅಂಗಡಿಗೆ ಹೊರಡುವ ಮುಂಚೆ ಪೆಟ್ಟಿಗೆಯ ಮೇಲೆ ಕೂತು ಚಪ್ಪಲಿ ಹಾಕಿಕೊಳ್ಳುವಾಗ, ಮಗ್ಗ ನಡೆಯುತ್ತ ನಡೆಯುತ್ತ ಇದ್ದಕ್ಕಿದ್ದ ಹಾಗೆ ನಿಲ್ಲುತ್ತಿತ್ತು. ನಾನೂ ಕೈ ನಿಲ್ಲಿಸುತ್ತಿದ್ದೆ. ಒಲೆಯ ಮುಂದಿನಿಂದ ಅವ್ವ ಕೂಗುತ್ತಿದ್ದಳು.

"ಯಾಕೆ, ಏನಾತು?"

"ನೂಲು ಕಡೀತು" ಎನ್ನುತ್ತಿದ್ದ ಅಪ್ಪ.

ನಾನು ಕೂತ ಜಾಗದಿಂದ ಮಗ್ಗ ಪೂರ್ತಿ ಕಾಣುತ್ತಿತ್ತು. ನೂಲು ಕಡಿದಿರುತ್ತಿರಲಿಲ್ಲ.